ಹುಣಸೆಯೋ, ಹೆಜ್ಜಾರ್ಲೆಯೋ?

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹೆದ್ದಾರಿಯಲ್ಲಿ ಚನ್ನಪಟ್ಟಣ ದಾಟಿ, ಮದ್ದೂರು ವಡೆಯ ನೆನಪು ಬಾಯಲ್ಲಿ ನೀರೂರಿಸುವ ಹೊತ್ತಿಗೆ ರುದ್ರಾಕ್ಷಿಪುರವೆಂಬ ಸಣ್ಣ ಊರು ಸಿಗುತ್ತದೆ. ಅಲ್ಲಿಂದ ಎಡಕ್ಕೆ ಹೊರಳಿ ಹನ್ನೆರಡು ಕಿಲೋಮೀಟರು ಹೋದರೆ ಕೊಕ್ಕರೆ ಬೆಳ್ಳೂರು. 2023ರಲ್ಲಿ ಉದ್ಘಾಟನೆಯಾದ ಹೊಸ ಹೆದ್ದಾರಿಯ ಮೇಲೆ ಮೈಸೂರಿಗೆ ಧಾವಿಸುವವರಿಗೆ ಈ ತಿರುವು ಕಣ್ಣಿಗೆ ಬೀಳುವುದೇ ಕಷ್ಟ. ಬಿದ್ದರೂ ಅಷ್ಟು ಹೊತ್ತಿಗೆ ಕಾರು ದಾಟಿಹೋಗಿರುತ್ತದೆ. ಹೊರಳಿದವರಿಗೆ ಮಾತ್ರ ಕಬ್ಬಿನ ಗದ್ದೆ, ಹಿಪ್ಪುನೇರಳೆ ತೋಟ, ತೆಂಗಿನ ಸಾಲು, ರಸ್ತೆಗೆ ಅಡ್ಡ ಬರುವ ಎಮ್ಮೆ ಎಲ್ಲವೂ ಒಂದೊಂದಾಗಿ ಸಿಗುತ್ತವೆ. ಬೆಂಗಳೂರಿನಿಂದ ಒಟ್ಟು ದೂರ ಸುಮಾರು 80 ಕಿಲೋಮೀಟರು.

ಪಕ್ಷಿಧಾಮ ಎಂದ ಕೂಡಲೇ ಮಕ್ಕಳ ಕಣ್ಣ ಮುಂದೆ ಬರುವುದು ದೋಣಿ, ನಡುಗಡ್ಡೆ, ನೀರಿನಲ್ಲಿ ಕಣ್ಣು ಮಾತ್ರ ಮೇಲೆತ್ತಿದ ಮೊಸಳೆ. ಇಲ್ಲಿ ಅದೊಂದೂ ಇಲ್ಲ. ಇದು ಮಂಡ್ಯ ಸೀಮೆಯ ಇತರ ಯಾವುದೇ ಹಳ್ಳಿಯಂತೆ ಇರುವ ಹಳ್ಳಿ. ಓಣಿ, ಚರಂಡಿ, ಹಂಚಿನ ಮನೆ, ಅದರ ಪಕ್ಕದಲ್ಲೇ ಎದ್ದ ತಾರಸಿ ಮನೆ, ಜಗುಲಿಯ ಮೇಲೆ ಕೂತ ಅಜ್ಜ. ತಲೆ ಎತ್ತಿದಾಗಲೇ ವ್ಯತ್ಯಾಸ ತಿಳಿಯುವುದು. ಹಿತ್ತಲಿನ ಹುಣಸೆಮರದ ನೆತ್ತಿಯ ಮೇಲೆ, ಮನೆಯ ಹಂಚಿಗೆ ಕೈಯೆಟಕುವಷ್ಟು ಹತ್ತಿರದಲ್ಲಿ, ಟಗರಿನ ಮರಿಯಷ್ಟು ದೊಡ್ಡದಾಗಿ ಕಾಣುವ ಹಕ್ಕಿಗಳು ಸಾಲಾಗಿ ಕೂತಿರುತ್ತವೆ. ಕೊಕ್ಕಿನ ಕೆಳಗೆ ಜೋಲುವ ಚೀಲ, ಮೇಲ್ಕೊಕ್ಕಿನ ಅಂಚಿನುದ್ದಕ್ಕೂ ಚುಕ್ಕೆ. ಇವೇ ಹೆಜ್ಜಾರ್ಲೆಗಳು. ಪಕ್ಕದ ಮರದಲ್ಲಿ ಹಳದಿ ಕೊಕ್ಕು, ಬಾಲದ ಬಳಿ ಗುಲಾಬಿ ಬಣ್ಣ ಹಚ್ಚಿಕೊಂಡ ಬಣ್ಣದ ಕೊಕ್ಕರೆಗಳು. ಊರಿಗೆ ಹೆಸರು ಸಿಕ್ಕಿದ್ದು ಕೊಕ್ಕರೆಯಿಂದ, ಕೀರ್ತಿ ಬಂದದ್ದು ಹೆಜ್ಜಾರ್ಲೆಯಿಂದ. ಕೊಕ್ಕರೆಗಳು ಇದರ ಬಗ್ಗೆ ತಕರಾರು ತೆಗೆದಂತಿಲ್ಲ.

ಚಳಿಗಾಲ ಹತ್ತಿರವಾಗುತ್ತಿದ್ದಂತೆ ಬರುವ ಹಕ್ಕಿಗಳು ಕಡ್ಡಿ ಹೊಂದಿಸಿ ಗೂಡು ಕಟ್ಟಿ, ಎರಡೋ ಮೂರೋ ಮೊಟ್ಟೆಯಿಟ್ಟು, ತಿಂಗಳೊಪ್ಪತ್ತು ಕಾವು ಕೊಟ್ಟು, ಮರಿಗಳ ರೆಕ್ಕೆ ಬಲಿತ ಮೇಲೆ ಮುಂಗಾರಿನ ಹೊತ್ತಿಗೆ ಹೊರಟುಬಿಡುತ್ತವೆ. ದೊಡ್ಡ ಹಕ್ಕಿಗಳು ಹೆಚ್ಚು ಮಾತಿನವಲ್ಲ. ಕೊಕ್ಕರೆಗಳಂತೂ ಕೊಕ್ಕನ್ನು ಕಟಕಟ ಕುಟ್ಟಿಯೇ ಸಂಸಾರ ನಡೆಸುತ್ತವೆ. ಆದರೆ ಹೆಜ್ಜಾರ್ಲೆ ಮರಿಗಳ ಗಂಟಲು ಅಷ್ಟು ಸಾಧುವಲ್ಲ. ತಾಯಿ ಮೀನು ತುಂಬಿಕೊಂಡು ಬಂದು ಕೂತಿತೆಂದರೆ ಇಡೀ ಮರ ಕಿರುಚುತ್ತದೆ. ಮರಿ ತನ್ನ ತಲೆಯನ್ನೇ ತಾಯಿಯ ಗಂಟಲಿನ ಚೀಲದೊಳಗೆ ತೂರಿಸಿ ಉಣ್ಣುವುದನ್ನು ಕಂಡ ಪಟ್ಟಣದ ಮಕ್ಕಳು, ತಾಯಿ ಮರಿಯನ್ನು ನುಂಗುತ್ತಿದೆ ಎಂದು ಗಾಬರಿಯಾಗುವುದು ಸಹಜ.

ಇಷ್ಟು ನೋಡಿ, ಫೋಟೋ ತೆಗೆದು, ಮದ್ದೂರಿಗೆ ಹೋಗಿ ವಡೆ ತಿಂದು ಬರುವವರೇ ಹೆಚ್ಚು. ಸ್ವಲ್ಪ ಹೊತ್ತು ಮರದ ಬುಡದಲ್ಲಿ ನಿಂತರೆ ಬೇರೆಯದೇ ಒಂದು ಲೆಕ್ಕ ಕಾಣತೊಡಗುತ್ತದೆ.

ಹುಣಸೆಮರವೆಂದರೆ ಹಳ್ಳಿಯವರಿಗೆ ನೆರಳು ಮಾತ್ರವಲ್ಲ, ಗಂಟು. ಅದಕ್ಕೆ ಗೊಬ್ಬರ ಬೇಡ, ನೀರು ಬೇಡ, ಔಷಧಿ ಬೇಡ. ವರ್ಷಕ್ಕೊಮ್ಮೆ ಹಣ್ಣು ಬಡಿದರೆ ಮನೆ ಖರ್ಚಿಗಾಗಿ ಮಿಕ್ಕದ್ದು ಮಂಡಿಗೆ ಹೋಗುತ್ತದೆ. ಬಡಿಯುವ ಆಳಿಲ್ಲದವರು ಮರವನ್ನು ಕಾಯಿಯ ಮೇಲೇ ಗುತ್ತಿಗೆಗೆ ಕೊಡುತ್ತಾರೆ. ಹಣ್ಣು ಮಾಗುವುದು ಜನವರಿಯಿಂದ ಏಪ್ರಿಲ್‌ವರೆಗೆ. ಹೆಜ್ಜಾರ್ಲೆಯ ಗೂಡಿನಲ್ಲಿ ಮರಿಗಳಿರುವುದೂ ಸರಿಯಾಗಿ ಅದೇ ತಿಂಗಳುಗಳಲ್ಲಿ. ಗಳು ಎತ್ತಿ ಕೊಂಬೆ ಬಡಿದರೆ ಮರಿಗಳು ಉದುರುತ್ತವೆ. ಬಡಿಯದಿದ್ದರೆ ಹಣ್ಣು ಮರದಲ್ಲೇ ಉಳಿಯುತ್ತದೆ. ಉಳಿದ ಹಣ್ಣಿಗೂ ಹಿಕ್ಕೆ ಮೆತ್ತಿರುತ್ತದೆ. ಎಲೆಗಳು ಸುಣ್ಣ ಹೊಡೆದಂತೆ ಬೆಳ್ಳಗಾಗುತ್ತವೆ. ಇದರ ಮೇಲೆ ವಾಸನೆ. ಮರಿಯ ಬಾಯಿಂದ ಜಾರಿದ ಮೀನು ಅಂಗಳದಲ್ಲಿ ಬಿದ್ದು ಕೊಳೆತರೆ ಹೇಗಿರುತ್ತದೆ ಎಂಬುದನ್ನು ಬರೆದು ತಿಳಿಸಲಾಗದು. ಒಗೆದ ಬಟ್ಟೆಯನ್ನು ಆ ಮರದ ಕೆಳಗೆ ಒಣಹಾಕುವಂತಿಲ್ಲ, ರಾಗಿ ಹರಡುವಂತಿಲ್ಲ.

ಅರ್ಥಶಾಸ್ತ್ರದ ಪುಸ್ತಕ ಓದಿದ ವಿದ್ಯಾರ್ಥಿಯೊಬ್ಬ ಇಲ್ಲಿಗೆ ಬಂದು ತಕ್ಕಡಿ ಹಿಡಿದರೆ ತೀರ್ಮಾನ ಒಂದೇ: ಇವರು ಈ ಹಕ್ಕಿಗಳನ್ನು ಎಂದೋ ಓಡಿಸಿರಬೇಕಿತ್ತು. ಒಂದು ಡಬ್ಬ ಬಡಿದರೆ, ನಾಲ್ಕು ಕಲ್ಲು ಬೀಸಿದರೆ, ಎರಡು ಪಟಾಕಿ ಹಚ್ಚಿದರೆ ಮುಗಿಯಿತು. ಗೂಡು ಕಟ್ಟುವ ಮೊದಲ ವಾರದಲ್ಲಿ ಹೀಗೆ ಮಾಡಿದರೆ ಹಕ್ಕಿ ಆ ಮರದ ಗೊಡವೆಗೆ ಬರುವುದಿಲ್ಲ. ಆದರೆ ತಲೆಮಾರುಗಳಿಂದ ಇಲ್ಲಿಯವರು ಹಾಗೆ ಮಾಡಿಲ್ಲ. ಪ್ಲೇಗು ಬಂದು 1916ರ ಸುಮಾರಿಗೆ ಊರು ಶಿಂಷಾ ನದಿಯ ದಂಡೆಯಿಂದ ಎದ್ದು ಈಗಿನ ಜಾಗಕ್ಕೆ ಬಂದಾಗ ಹಕ್ಕಿಗಳೂ ಹಿಂದೆಯೇ ಬಂದವು ಎಂದು ಊರಿನಲ್ಲಿ ಕಥೆಯಿದೆ. ಮನುಷ್ಯರಿರುವ ಕಡೆ ಮೊಟ್ಟೆ ಕದಿಯುವ ಪ್ರಾಣಿಗಳ ಕಾಟ ಕಡಿಮೆ ಎಂದು ಹಕ್ಕಿ ಹೀಗೆ ಮಾಡಿರಬಹುದು. ಊರವರ ವಿವರಣೆ ಮಾತ್ರ ಇದಕ್ಕಿಂತ ಚಿಕ್ಕದು ಮತ್ತು ಚೆಂದದ್ದು. ಇವು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು, ಅಷ್ಟೆ.

ಈ ಒಂದು ಮಾತಿನಲ್ಲಿ ಎಷ್ಟು ಕೆಲಸವಾಗಿದೆ ಎಂದು ನೋಡಬೇಕು. ತವರಿಗೆ ಬಂದ ಮಗಳು ಎಷ್ಟು ಅನ್ನ ಉಂಡಳು, ಎಷ್ಟು ಎಣ್ಣೆ ಹಚ್ಚಿಕೊಂಡಳು, ಕೂಸಿನ ಬಟ್ಟೆಗೆ ಎಷ್ಟು ಸೋಪು ಖರ್ಚಾಯಿತು ಎಂದು ಯಾವ ಅಪ್ಪನೂ ಲೆಕ್ಕ ಬರೆಯುವುದಿಲ್ಲ. ಬರೆದರೆ ಊರು ಉಗಿಯುತ್ತದೆ. ಕೂಸು ರಾತ್ರಿಯಿಡೀ ಅತ್ತರೂ ಅದನ್ನು ತೊಂದರೆ ಎನ್ನುವುದಿಲ್ಲ. ಹಿಕ್ಕೆ, ವಾಸನೆ, ಕಿರುಚಾಟ ಎಲ್ಲವೂ ಅದೇ ಇವೆ. ಆದರೆ ‘ಮಗಳು’ ಎಂಬ ಹೆಸರು ಬಿದ್ದ ಕೂಡಲೇ ಅವು ನಷ್ಟದ ಪಟ್ಟಿಯಿಂದ ಎದ್ದು ಬಾಣಂತನದ ಪಟ್ಟಿಗೆ ಸೇರಿಬಿಟ್ಟಿವೆ. ಜತೆಗೆ ಇನ್ನೊಂದು ಕಾವಲೂ ಇದೆ. ಹಿತ್ತಲಿನ ಮರ ಊರಿಗೆಲ್ಲ ಕಾಣುವಂಥದು. ಮೊದಲು ಕೊಡಲಿ ಎತ್ತಿದವನು ಯಾರೆಂದು ನಾಲ್ಕು ಮನೆ ಮಾತಾಡಿಕೊಳ್ಳುತ್ತವೆ. ಅಜ್ಜ ಕಡಿಯಲಿಲ್ಲ, ಅಪ್ಪ ಕಡಿಯಲಿಲ್ಲ, ತಾನೇಕೆ ಆ ಹೆಸರು ಹೊರಬೇಕು ಎಂಬ ಸಂಕೋಚವೂ ಒಂದು ಬೇಲಿಯೇ.

ಹೀಗೆಂದು ಊರವರು ಬರೀ ಭಾವನೆಯಲ್ಲಿ ತೇಲುವವರೆಂದು ತಿಳಿಯಬೇಕಿಲ್ಲ. ಮರದ ಬುಡದ ಸುತ್ತ ಗುಂಡಿ ತೋಡಿ, ಕೆರೆಯ ಗೋಡನ್ನು ತಂದು ತುಂಬಿ, ಮೇಲಿನಿಂದ ಬೀಳುವ ಹಿಕ್ಕೆಯನ್ನು ಅದರೊಂದಿಗೆ ಬೆರೆಸಿ ಗೊಬ್ಬರ ಮಾಡಿಕೊಳ್ಳುವ ರೂಢಿ ಇಲ್ಲಿ ಹಳೆಯದು. ಮೀನು ತಿನ್ನುವ ಹಕ್ಕಿಯ ಹಿಕ್ಕೆಯಲ್ಲಿ ಸಾರಜನಕ, ರಂಜಕ ಎರಡೂ ಹೇರಳ. ಗದ್ದೆಗೆ ಇದಕ್ಕಿಂತ ಒಳ್ಳೆಯ ಊಟವಿಲ್ಲ. ಹೆಣ್ಣುಮಗಳು ಬರಿಗೈಯಲ್ಲಿ ಬಂದಿಲ್ಲ. ಆದರೂ ಗೊಬ್ಬರದ ಆಸೆಗೇ ಇವರು ಹಕ್ಕಿಗಳನ್ನು ಉಳಿಸಿಕೊಂಡರು ಎಂದರೆ ಅದು ಅರ್ಧ ಸತ್ಯ. ರಸಗೊಬ್ಬರದ ಚೀಲ ಸೊಸೈಟಿಯಲ್ಲಿ ಸಿಗತೊಡಗಿದ ಮೇಲೂ ಹಕ್ಕಿಗಳು ಉಳಿದವು.

ಇಲ್ಲಿಂದ ಹೆಚ್ಚು ದೂರವಿಲ್ಲದ ರಂಗನತಿಟ್ಟಿಗೂ ಈ ಊರಿಗೂ ಇರುವ ವ್ಯತ್ಯಾಸ ಇದೇ. ಸಲೀಂ ಅಲಿಯವರ ಸಲಹೆಯ ಮೇರೆಗೆ ಮೈಸೂರು ಸಂಸ್ಥಾನ 1940ರಲ್ಲಿ ರಂಗನತಿಟ್ಟನ್ನು ಪಕ್ಷಿಧಾಮವೆಂದು ಸಾರಿತು. ಅಲ್ಲಿ ಕಾವೇರಿಯೇ ಕಂದಕ, ಮೊಸಳೆಗಳೇ ಕಾವಲುಗಾರರು. ಆ ನಡುಗಡ್ಡೆಗಳ ಮರ ಯಾರ ಹಿತ್ತಲಿನದೂ ಅಲ್ಲ. ಕೊಕ್ಕರೆ ಬೆಳ್ಳೂರಿನಲ್ಲಿ ಪ್ರತಿ ಮರಕ್ಕೂ ಒಬ್ಬ ಯಜಮಾನ, ಅವನಿಗೊಂದು ಸಾಲ, ಮದುವೆಗೆ ಬಂದ ಮಗಳು, ಪಾಲು ಕೇಳುವ ತಮ್ಮ. ಅಲ್ಲಿನ ಹಕ್ಕಿಗಳ ಭವಿಷ್ಯವನ್ನು ಒಂದು ಸರ್ಕಾರಿ ಆದೇಶ ನಿರ್ಧರಿಸಿತು. ಇಲ್ಲಿ ಅದನ್ನು ಪ್ರತಿ ವರ್ಷ, ಪ್ರತಿ ಅಂಗಳದಲ್ಲಿ, ಹೊಸದಾಗಿ ನಿರ್ಧರಿಸಬೇಕು.

ಹೊರಗಿನ ಜಗತ್ತಿಗೆ ಈ ಊರನ್ನು ತೋರಿಸಿಕೊಟ್ಟವರು ಅರಣ್ಯ ಇಲಾಖೆಯ ಅಧಿಕಾರಿ ಎಸ್.ಜಿ. ನೇಗಿನಹಾಳರು. ಮುಂದೆ ಎಂಬತ್ತರ ದಶಕದಲ್ಲಿ ಬೆಂಗಳೂರಿನ ಬೀದಿಗಳಿಗೆ ಲಕ್ಷಗಟ್ಟಲೆ ಗಿಡ ನೆಡಿಸಿದವರೂ ಅವರೇ. 1976ರಲ್ಲಿ ಅವರು ಇಲ್ಲಿನ ಹೆಜ್ಜಾರ್ಲೆಗಳನ್ನು ಕಂಡು ಬರೆದ ಮೇಲೆ ಪಕ್ಷಿಪ್ರೇಮಿಗಳ ಗಮನ ಇತ್ತ ಹರಿಯಿತು. ಆಮೇಲೆ ಬಂದದ್ದು ಪರಿಹಾರದ ಯೋಜನೆ. ಗೂಡಿರುವ ಮರದ ಯಜಮಾನನಿಗೆ ಹುಣಸೆ ಹಣ್ಣಿನ ನಷ್ಟ ತುಂಬಿಕೊಡಲು ಅರಣ್ಯ ಇಲಾಖೆ ಹಣ ಕೊಡತೊಡಗಿತು. ನ್ಯಾಯವಾದ ಮಾತೇ. ಹಕ್ಕಿ ನೋಡಿ ಸಂತೋಷಪಡುವವರು ಪಟ್ಟಣದವರು, ಹಣ್ಣು ಕಳೆದುಕೊಳ್ಳುವವರು ಹಳ್ಳಿಯವರು ಎಂದಾದರೆ ಯಾರಾದರೂ ಕೈಯಿಂದ ಕೊಡಲೇಬೇಕಲ್ಲ. ಆದರೆ ದುಡ್ಡು ಎಂಬುದು ಅಂಗಳಕ್ಕೆ ಬಂದಾಗ ಒಬ್ಬಂಟಿಯಾಗಿ ಬರುವುದಿಲ್ಲ, ತನ್ನ ಹಿಂದೆ ಒಂದು ಹೊಸ ಮಾತನ್ನೂ ಕರೆತರುತ್ತದೆ. ಅದರ ಸ್ವಭಾವ ತಿಳಿಯಲು ಕೊಕ್ಕರೆ ಬೆಳ್ಳೂರನ್ನು ಬಿಟ್ಟು ಸ್ವಲ್ಪ ದೂರ ಹೋಗಿಬರಬೇಕು.

ಇಸ್ರೇಲಿನ ಹೈಫಾ ಪಟ್ಟಣದ ಶಿಶುವಿಹಾರಗಳಲ್ಲಿ ನಡೆದದ್ದು ಇದು. ಸಂಜೆ ಮಕ್ಕಳನ್ನು ಕರೆದೊಯ್ಯಲು ಕೆಲವು ಅಪ್ಪ-ಅಮ್ಮಂದಿರು ತಡವಾಗಿ ಬರುತ್ತಿದ್ದರು. ಟೀಚರು ಕಾದು ಕೂರಬೇಕಾಗುತ್ತಿತ್ತು. ಯೂರಿ ಗ್ನೀಜಿ, ಆಲ್ಡೊ ರುಸ್ತಿಕಿನಿ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಹತ್ತು ಶಿಶುವಿಹಾರಗಳನ್ನು ಆಯ್ದುಕೊಂಡು, ಆರರಲ್ಲಿ ತಡವಾಗಿ ಬಂದವರಿಗೆ ದಂಡ ಹಾಕಿಸಿದರು. ದಂಡ ದೊಡ್ಡದೇನಲ್ಲ, ಹತ್ತು ಶೆಕೆಲ್. ದಂಡಕ್ಕೆ ಹೆದರಿ ಜನ ಬೇಗ ಬರುತ್ತಾರೆಂದು ಯಾರಾದರೂ ಅಂದುಕೊಳ್ಳುತ್ತಾರೆ. ಆದದ್ದು ತಿರುಗುಮುರುಗು. ತಡವಾಗಿ ಬರುವವರ ಸಂಖ್ಯೆ ಹೆಚ್ಚುಕಡಿಮೆ ಎರಡು ಪಟ್ಟಾಯಿತು. ಅಲ್ಲಿಯವರೆಗೆ ಟೀಚರಿಗೆ ತೊಂದರೆ ಕೊಡುತ್ತಿದ್ದೇವಲ್ಲ ಎಂಬ ನಾಚಿಕೆಯಿಂದ ಓಡೋಡಿ ಬರುತ್ತಿದ್ದವರಿಗೆ, ದುಡ್ಡು ಕೊಟ್ಟ ಮೇಲೆ ನಾಚಿಕೆಯ ಕಾರಣವೇ ಉಳಿಯಲಿಲ್ಲ. ಹತ್ತು ಶೆಕೆಲ್ ಕೊಟ್ಟು ಅರ್ಧ ಗಂಟೆ ಕೊಂಡುಕೊಂಡಂತಾಯಿತು. ಇದರಲ್ಲಿ ಕಹಿಯಾದ ಭಾಗ ಕೊನೆಯದು. ಕೆಲವು ವಾರಗಳ ನಂತರ ದಂಡ ರದ್ದು ಮಾಡಿದರು. ನಾಚಿಕೆ ಮಾತ್ರ ಮರಳಿ ಬರಲಿಲ್ಲ. ತಡವಾಗಿ ಬರುವವರು ತಡವಾಗಿಯೇ ಬರುತ್ತಿದ್ದರು. 2000ದಲ್ಲಿ ಪ್ರಕಟವಾದ ಈ ಅಧ್ಯಯನವನ್ನು ಪೋಷಕರು ಓದುವುದು ಒಳ್ಳೆಯದು. ಪಾಠ ಓದಿದರೆ ಇಷ್ಟು ರೂಪಾಯಿ, ತರಕಾರಿ ತಂದರೆ ಇಷ್ಟು ರೂಪಾಯಿ ಎಂದು ಮಕ್ಕಳಿಗೆ ಲಂಚದ ರುಚಿ ಹತ್ತಿಸಿರುವ ಮನೆಗಳಲ್ಲಂತೂ ಎರಡು ಸಲ ಓದಬಹುದು.

ಎರಡನೆಯದು ಸ್ವಿಟ್ಜರ್‌ಲೆಂಡಿನ ಕಥೆ. ಅಲ್ಲಿನ ವೋಲ್ಫೆನ್‌ಶೀಸೆನ್ ಎಂಬ ಬೆಟ್ಟದ ನಡುವಿನ ಹಳ್ಳಿಯ ಬಳಿ ಅಣು ವಿದ್ಯುತ್ ಸ್ಥಾವರಗಳ ತ್ಯಾಜ್ಯವನ್ನು ಹೂಳುವ ಪ್ರಸ್ತಾಪ ಬಂತು. 1993ರಲ್ಲಿ ಬ್ರೂನೊ ಫ್ರೈ ಮತ್ತು ಫೆಲಿಕ್ಸ್ ಓಬರ್‌ಹೋಲ್ಟ್ಸರ್-ಗೀ ಎಂಬ ಸಂಶೋಧಕರು ಮನೆಮನೆಗೆ ಹೋಗಿ, ಇದಕ್ಕೆ ಒಪ್ಪುತ್ತೀರಾ ಎಂದು ಕೇಳಿದರು. ಅಪಾಯವಿದೆಯೆಂದು ಗೊತ್ತಿದ್ದೂ 50.8 ಶೇಕಡ ಜನ ಹೂಂ ಎಂದರು. ಎಲ್ಲಾದರೂ ಒಂದು ಕಡೆ ಹೂಳಲೇಬೇಕಲ್ಲ, ದೇಶಕ್ಕಾಗಿ ಇಷ್ಟಾದರೂ ಮಾಡೋಣ ಎಂಬ ಭಾವ. ಆಮೇಲೆ ಪ್ರಶ್ನೆಗೆ ಒಂದು ಬಾಲ ಸೇರಿಸಿದರು: ಪ್ರತಿ ವರ್ಷ ಪ್ರತಿಯೊಬ್ಬರಿಗೂ ಪರಿಹಾರ ಹಣ ಕೊಟ್ಟರೆ? ಒಪ್ಪುವವರ ಪ್ರಮಾಣ ಏರಬೇಕಿತ್ತು. ಅದು 24.6ಕ್ಕೆ ಇಳಿಯಿತು. ಹಣ ಹೆಚ್ಚಿಸುತ್ತೇವೆ ಎಂದರೂ ಬೇಡ ಎಂದವರು ಮನಸ್ಸು ಬದಲಿಸಲಿಲ್ಲ. ದೇಶಸೇವೆ ಎಂದುಕೊಂಡಿದ್ದು ವ್ಯಾಪಾರವಾಗಿಬಿಟ್ಟಿತ್ತು. ವ್ಯಾಪಾರವಾದರೆ, ತನ್ನ ಮಕ್ಕಳ ಆರೋಗ್ಯವನ್ನು ಮಾರುವವನು ಯಾರು? 1995ರಲ್ಲಿ ಆ ಪ್ರಾಂತದ ಮತದಾರರು ಯೋಜನೆಯನ್ನೇ ತಿರಸ್ಕರಿಸಿದರು.

ಪರಿಸರ ಉಳಿಸಬೇಕಾದರೆ ಜನರಿಗೆ ತಿಳಿವಳಿಕೆ ಕೊಡಬೇಕು, ಇಲ್ಲವೇ ದಂಡ ಹಾಕಬೇಕು, ಇಲ್ಲವೇ ದುಡ್ಡು ಕೊಡಬೇಕು ಎಂಬ ಮೂರೇ ದಾರಿ ಬಲ್ಲ ಇಲಾಖೆಗಳಿಗೆ ಈ ಎರಡು ಘಟನೆಗಳು ಇರುಸುಮುರುಸು ತರುವಂಥವು. ಮನುಷ್ಯ ತೀರ್ಮಾನ ಮಾಡುವಾಗ ಮೊದಲು ಲೆಕ್ಕ ಮಾಡುವುದಿಲ್ಲ. ಇದು ಯಾವ ಬಗೆಯ ವಿಷಯ ಎಂದು ಮೊದಲು ಹೆಸರಿಡುತ್ತಾನೆ. ಲೆಕ್ಕ ಆಮೇಲೆ, ಆ ಹೆಸರಿನ ಮನೆಯೊಳಗೆ ಕೂತು ನಡೆಯುತ್ತದೆ.

ಈಗ ಮತ್ತೆ ಹುಣಸೆಮರದ ಕೆಳಗೆ ಬರೋಣ. ಇಲಾಖೆಯ ದುಡ್ಡು ಇಲ್ಲಿ ಹೈಫಾದ ದಂಡದ ಕೆಲಸ ಮಾಡಿತೇ? ಹಾಗೇನೂ ಆಗಿಲ್ಲ. ಹಕ್ಕಿಗಳು ಇಂದಿಗೂ ಬರುತ್ತಿವೆ. ಬಹುಶಃ ಹಣ ಬರುವ ಮೊದಲೇ ತವರಿನ ಮಾತು ಆಳಕ್ಕೆ ಇಳಿದಿತ್ತು. ಹಣವನ್ನು ‘ಪರಿಹಾರ’ ಎಂದು ಕರೆದದ್ದೂ ಸ್ವಲ್ಪ ನೆರವಾಗಿರಬಹುದು. ಪರಿಹಾರ ಎಂದರೆ ನಿನಗೆ ಕಷ್ಟವಾಗಿದೆಯೆಂದು ನಮಗೆ ಗೊತ್ತಿದೆ ಎಂಬ ಅರ್ಥ ಬರುತ್ತದೆ. ಬಾಣಂತಿಗೆಂದು ಗಂಡನ ಮನೆಯವರು ಕಳಿಸಿದ ಬೆಲ್ಲ-ಕೊಬ್ಬರಿಯ ಹಾಗೆ. ಕಡಿಮೆಯಿದ್ದರೂ ಬೇಸರವಿಲ್ಲ. ಅದೇ ಹಣವನ್ನು ಮರದ ‘ಬಾಡಿಗೆ’ ಎಂದು ನೋಡತೊಡಗಿದ ದಿನ ಲೆಕ್ಕವೇ ಬೇರೆ. ಬಾಡಿಗೆ ಒಂದು ವರ್ಷ ತಡವಾದರೆ ಬಾಡಿಗೆದಾರನನ್ನು ಎಬ್ಬಿಸುವುದು ಲೋಕರೂಢಿ. ಹುಣಸೆಯ ಧಾರಣೆ ಏರಿದ ವರ್ಷ ಬಾಡಿಗೆ ಸಾಲದು ಎನ್ನುವುದೂ ತಪ್ಪಲ್ಲ. ಮರ ಕಡಿದು ಅಲ್ಲೊಂದು ಅಂಗಡಿ ಕಟ್ಟಿದರೆ ಬರುವ ಬಾಡಿಗೆಯ ಮುಂದಂತೂ ಹೆಜ್ಜಾರ್ಲೆಯ ಬಾಡಿಗೆ ಎಂದಿಗೂ ಗೆಲ್ಲುವುದಿಲ್ಲ.

ಇದರಲ್ಲಿ ಇನ್ನೊಂದು ಎಳೆಯಿದೆ. ಕಳೆದುಕೊಂಡ ನೂರು ರೂಪಾಯಿಯ ನೋವು, ಸಿಕ್ಕ ನೂರು ರೂಪಾಯಿಯ ಸಂತೋಷಕ್ಕಿಂತ ಸುಮಾರು ಎರಡು ಪಟ್ಟು ಎಂದು ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನೆಮನ್ ಮತ್ತು ಆಮೋಸ್ ಟ್ವರ್ಸ್ಕಿ ತೋರಿಸಿದರು. 1979ರಲ್ಲಿ ಅವರು ಮಂಡಿಸಿದ ಈ ವಿಚಾರಧಾರೆಗಾಗಿಯೇ ಬಹುಮಟ್ಟಿಗೆ ಕಾನೆಮನ್‌ರಿಗೆ 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಟ್ವರ್ಸ್ಕಿ ಅಷ್ಟರಲ್ಲಿ ತೀರಿಕೊಂಡಿದ್ದರು. ಈ ಪ್ರಕಾರ ಕೊಂಬೆಯಲ್ಲಿ ಕಣ್ಣಿಗೆ ಕಾಣುತ್ತ ಹಾಳಾಗುವ ಹಣ್ಣು ಯಜಮಾನನಿಗೆ ತನ್ನ ಬೆಲೆಗಿಂತ ಹೆಚ್ಚು ಉರಿ ಕೊಡಬೇಕು, ಅದರ ಬೆಲೆಯಷ್ಟೇ ದುಡ್ಡು ಕೈಗೆ ಬಂದರೂ ಆ ಉರಿ ಆರಬಾರದು. ಹಣ್ಣನ್ನು ನಷ್ಟವೆಂದೇ ಎಣಿಸದಂತೆ ಮಾಡಿದ್ದು ಬಾಣಂತನದ ಮಾತು. ಅದು ಹೋದರೆ ಯಾವ ಇಲಾಖೆಯ ಬೊಕ್ಕಸವೂ ಆ ಅಂತರವನ್ನು ತುಂಬಲಾರದು.

ತೊಂಬತ್ತರ ದಶಕದಲ್ಲಿ ಮೈಸೂರಿನ ಹವ್ಯಾಸಿ ಪ್ರಕೃತಿ ವೀಕ್ಷಕರ ಬಳಗದ ಕೆ. ಮನು ಇಲ್ಲಿಗೆ ಬಂದಾಗ ಈ ಸೂಕ್ಷ್ಮ ಅವರ ಗಮನಕ್ಕೆ ಬಂದಿರಬೇಕು. 1994ರಲ್ಲಿ ಊರಿನ ಹುಡುಗರನ್ನು ಕಟ್ಟಿಕೊಂಡು ಅವರು ಶುರುಮಾಡಿದ ಹೆಜ್ಜಾರ್ಲೆ ಬಳಗ ಭಾಷಣಕ್ಕಿಂತ ಹೆಚ್ಚಾಗಿ ಕೈಕೆಲಸವನ್ನು ನೆಚ್ಚಿಕೊಂಡಿತು. ಗಾಳಿಗೋ, ಒಡಹುಟ್ಟಿದವುಗಳ ನೂಕಾಟಕ್ಕೋ ಗೂಡಿನಿಂದ ಕೆಳಗೆ ಬೀಳುವ ಮರಿಯನ್ನು ತಾಯಿ ಮತ್ತೆ ಎತ್ತಿಕೊಳ್ಳಲಾರದು. ಮೊದಲೆಲ್ಲ ಅವು ನಾಯಿಯ ಪಾಲು. ಬಳಗದ ಹುಡುಗರು ಅವನ್ನು ಎತ್ತಿ ತಂದು, ಬೇಲಿ ಕಟ್ಟಿದ ಆವರಣದಲ್ಲಿ ಬಿಟ್ಟು, ಮೀನು ಹಾಕಿ, ಹಾರಲು ಬರುವವರೆಗೆ ಸಾಕತೊಡಗಿದರು. ಹೆಜ್ಜಾರ್ಲೆ ಮರಿಯ ಹಸಿವು ಸಾಮಾನ್ಯದ್ದಲ್ಲ. ಆದರೆ ದಿನವೂ ತನ್ನ ಕೈಯಿಂದ ಮೀನು ತಿನ್ನಿಸಿದ ಹುಡುಗ ಮುಂದೆ ಆ ಹಕ್ಕಿಗೆ ಕಲ್ಲು ಬೀಸುವುದು ಕಷ್ಟ, ಬೇರೆಯವರು ಬೀಸಲು ಬಿಡುವುದು ಇನ್ನೂ ಕಷ್ಟ. ಅಜ್ಜಿಯ ಬಾಯಲ್ಲಿದ್ದ ತವರಿನ ಮಾತು ಮೊಮ್ಮಗನ ಕೈಗೆ ಕೆಲಸವಾಗಿ ಬಂದದ್ದು ಹೀಗೆ. 2007ರಲ್ಲಿ ಸರ್ಕಾರ ಕೊಕ್ಕರೆ ಬೆಳ್ಳೂರನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿತು. ಊರನ್ನು ಎಬ್ಬಿಸಿ ಕಾಡು ಉಳಿಸುವುದಲ್ಲ, ಊರಿನ ಕೈಯಲ್ಲೇ ಹಕ್ಕಿಯನ್ನು ಇಟ್ಟು ಕಾಯುವುದು ಇದರ ತಿರುಳು. 2002ರಲ್ಲಿ ವನ್ಯಜೀವಿ ಕಾಯಿದೆಗೆ ತಿದ್ದುಪಡಿಯಾಗುವವರೆಗೆ ಇಂಥದ್ದೊಂದಕ್ಕೆ ಕಾನೂನಿನಲ್ಲಿ ಜಾಗವೇ ಇರಲಿಲ್ಲ.

ಇಲ್ಲಿಗೆ ಕಥೆ ಸುಖವಾಗಿ ಮುಗಿಯಬಹುದಿತ್ತು, ಹೆಜ್ಜಾರ್ಲೆ ಹುಣಸೆ ಹಣ್ಣು ತಿನ್ನುವ ಹಕ್ಕಿಯಾಗಿದ್ದರೆ. ಅದು ತಿನ್ನುವುದು ಮೀನು. ಮೀನು ಇರುವುದು ಹಿತ್ತಲಿನಲ್ಲಲ್ಲ, ಶಿಂಷಾ ನದಿಯಲ್ಲಿ, ತೈಲೂರು ಕೆರೆಯಲ್ಲಿ, ಮದ್ದೂರು ಕೆರೆಯಲ್ಲಿ, ಸೂಳೆಕೆರೆಯಲ್ಲಿ, ಇನ್ನೂ ಆಚೆಗಿನ ಹತ್ತಾರು ನೀರಿನ ತಾಣಗಳಲ್ಲಿ. ಬೆಳಗಿನ ಬಿಸಿಲೇರಿ ಗಾಳಿ ಕಾಯುವ ಹೊತ್ತಿಗೆ ಹೆಜ್ಜಾರ್ಲೆಗಳು ರೆಕ್ಕೆ ಬಡಿಯದೆ ಸುತ್ತುತ್ತ ಸುತ್ತುತ್ತ ಮೇಲೇರಿ, ಊರಿನ ಗಡಿ ದಾಟಿ ಹೋಗಿಬಿಡುತ್ತವೆ. ಅವು ಹೋಗುವ ಕೆರೆಗಳ ದಂಡೆಯ ಊರುಗಳಿಗೆ ಈ ಹಕ್ಕಿ ಮಗಳಲ್ಲ. ಮೀನಿನ ಗುತ್ತಿಗೆ ಹಿಡಿದವನಿಗಂತೂ ಅದು ಕಳ್ಳ.

2017ರ ಕೊನೆಯಲ್ಲಿ ಮತ್ತು 2018ರ ಮೊದಲ ತಿಂಗಳುಗಳಲ್ಲಿ ಕೊಕ್ಕರೆ ಬೆಳ್ಳೂರಿನ ಹೆಜ್ಜಾರ್ಲೆಗಳು ಒಂದರ ಹಿಂದೊಂದರಂತೆ ಮರದಿಂದ ಉದುರಿ ಸತ್ತವು. ಸತ್ತ ಹಕ್ಕಿಗಳ ಹೊಟ್ಟೆಯಲ್ಲಿ ಜಂತುಹುಳುಗಳು ಸಿಕ್ಕವು. ಮೀನಿನ ಮೂಲಕ ಹಕ್ಕಿಯನ್ನು ಸೇರುವ ಹುಳು ಅದು. ಅನುಮಾನದ ಬೆರಳು ಹಕ್ಕಿಗಳು ಮೇಯುವ ನೀರಿನ ಕಡೆಗೆ ತಿರುಗಿತು. ಅಂಗಳದಲ್ಲಿ ಸತ್ತು ಬಿದ್ದ ದೊಡ್ಡ ಹಕ್ಕಿಯನ್ನು ಕಂಡು ಊರು ಕಂಗಾಲಾಯಿತು. ಪತ್ರಿಕೆಗಳಲ್ಲಿ ಫೋಟೋ ಬಂತು. ವೈದ್ಯರು ಬಂದರು, ಔಷಧಿಯೂ ಬಂತು. ಆದರೆ ನೀರು ಕೆಡುವುದಕ್ಕೆ ಇಂಥ ಒಂದು ದಿನ ಎಂಬುದಿಲ್ಲ. ಕೆರೆಗೆ ಬರುವ ಕಾಲುವೆ ಹೂಳುವುದು, ಗದ್ದೆಯ ಕೀಟನಾಶಕ ಮಳೆಯೊಂದಿಗೆ ಇಳಿಯುವುದು, ಪಟ್ಟಣದ ಚರಂಡಿ ನದಿಗೆ ದಾರಿ ಹುಡುಕಿಕೊಳ್ಳುವುದು ಯಾವುದೂ ಒಂದು ಫೋಟೋಕ್ಕೆ ಸಿಗುವಂಥದಲ್ಲ.

ಮನಸ್ಸಿನ ಈ ಕುರುಡಿನ ಬಗ್ಗೆಯೂ ಒಂದು ಅಧ್ಯಯನವಿದೆ. ಅದೂ ಹಕ್ಕಿಗಳದೇ. ಅಮೆರಿಕದಲ್ಲಿ ತೊಂಬತ್ತರ ದಶಕದ ಮೊದಲಲ್ಲಿ, ಎಣ್ಣೆ ತುಂಬಿದ ಹೊಂಡಗಳಿಗೆ ಇಳಿದು ಸಾಯುವ ವಲಸೆ ಹಕ್ಕಿಗಳನ್ನು ಉಳಿಸಲು ಬಲೆ ಹೊದಿಸಬೇಕು, ಅದಕ್ಕೆ ಎಷ್ಟು ಕೊಡುತ್ತೀರಿ ಎಂದು ಜನರನ್ನು ಕೇಳಿದರು. ಒಂದು ಗುಂಪಿಗೆ 2,000 ಹಕ್ಕಿ ಎಂದರು, ಇನ್ನೊಂದಕ್ಕೆ 20,000, ಮೂರನೆಯದಕ್ಕೆ 2,00,000. ಉತ್ತರಗಳ ಸರಾಸರಿ ಕ್ರಮವಾಗಿ 80, 78 ಮತ್ತು 88 ಡಾಲರ್. ಹಕ್ಕಿಗಳ ಸಂಖ್ಯೆ ನೂರು ಪಟ್ಟು ಹೆಚ್ಚಿದರೂ ಕೊಡುವ ಮನಸ್ಸು ಅಲುಗಲಿಲ್ಲ. ಕೇಳಿಸಿಕೊಂಡವರು ಲಕ್ಷವನ್ನೂ ಸಾವಿರವನ್ನೂ ನೋಡಲಿಲ್ಲ, ಎಣ್ಣೆಯಲ್ಲಿ ರೆಕ್ಕೆ ಅಂಟಿಕೊಂಡು ಒದ್ದಾಡುವ ಒಂದು ಹಕ್ಕಿಯನ್ನು ಕಣ್ಣ ಮುಂದೆ ತಂದುಕೊಂಡರು. ಅದಕ್ಕೆಷ್ಟೋ ಅಷ್ಟು ಕೊಟ್ಟರು.

ಕೊಕ್ಕರೆ ಬೆಳ್ಳೂರಿನ ಶಕ್ತಿಯೂ ತೊಡಕೂ ಇದೇ ಜಾಗದಲ್ಲಿವೆ. ಅಂಗಳಕ್ಕೆ ಬಿದ್ದ ಒಂದು ಮರಿಗಾಗಿ ಓಡಿಬರುವ ಮನಸ್ಸಿದೆ, ಹತ್ತು ಮೈಲಿಯಾಚೆ ಕೆಡುತ್ತಿರುವ ಒಂದು ಕೆರೆಗಾಗಿ ಓಡುವ ಕಾಲು ಇಲ್ಲ. ಇದು ಈ ಊರಿನವರ ದೋಷವೇನಲ್ಲ. ಬೆಂಗಳೂರಿನಲ್ಲಿ ಮನೆಯ ಎದುರಿನ ಒಂದು ಮರ ಕಡಿಯಲು ಬಂದರೆ ಬೀದಿಗೆ ಬೀದಿಯೇ ಎದ್ದು ನಿಲ್ಲುತ್ತದೆ. ಅದೇ ಬೀದಿಯ ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದರೆ ಅರ್ಧ ಜನಕ್ಕೆ ಗೊತ್ತಿರುವುದಿಲ್ಲ. ತವರು ಎಂಬ ಮಾತು ಮರದ ಮಟ್ಟಿಗೆ ಗಟ್ಟಿಯಾಗಿ ನಿಂತಿದೆ. ತವರಿನ ಅಡಿಗೆಮನೆ ಕೆರೆಯಲ್ಲಿದೆ ಎಂಬುದಕ್ಕೆ ಇನ್ನೂ ಅಷ್ಟು ಚಿಕ್ಕದಾದ, ಬಾಯಲ್ಲಿ ನಿಲ್ಲುವ ಮಾತೊಂದು ಹುಟ್ಟಿಲ್ಲ.

ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ಜನವರಿಯಿಂದ ಮಾರ್ಚ್ ಒಳ್ಳೆಯ ಕಾಲ. ಬೆಳಿಗ್ಗೆ ಬೇಗ ಹೋದರೆ ಹಕ್ಕಿಗಳು ಮೇವಿಗೆ ಹೊರಡುವುದನ್ನೂ ಕಾಣಬಹುದು. ಬೈನಾಕ್ಯುಲರ್ ಇಲ್ಲದಿದ್ದರೂ ನಡೆಯುತ್ತದೆ, ತಲೆಗೊಂದು ಟೋಪಿ ಇರಲಿ. ಅದು ಬಿಸಿಲಿಗಷ್ಟೇ ಅಲ್ಲ ಎಂಬುದು ಮರದ ಕೆಳಗೆ ಹೋದಾಗ ತಿಳಿಯುತ್ತದೆ. ಎಲ್ಲ ಮರಗಳೂ ಯಾರದೋ ಮನೆಯ ಮರಗಳೇ ಆದ್ದರಿಂದ ಹಿತ್ತಲಿಗೆ ಕಾಲಿಡುವ ಮೊದಲು ಅಲ್ಲಿರುವ ಅಜ್ಜನನ್ನೋ ಅಮ್ಮನನ್ನೋ ಒಂದು ಮಾತು ಕೇಳುವುದು ಲೇಸು. ಈ ವರ್ಷ ಹುಣಸೆ ಹಣ್ಣು ಹೇಗೆ ಎಂದು ವಿಚಾರಿಸಿದರೆ ಮಾತು ತಾನಾಗಿ ಬೆಳೆಯುತ್ತದೆ. ಪ್ರಾಜೆಕ್ಟು ಬರೆಯಬೇಕಾದ ವಿದ್ಯಾರ್ಥಿಗಳು ಹಕ್ಕಿಗಳನ್ನು ಎಣಿಸುವುದರ ಜತೆಗೆ ಇನ್ನೊಂದು ಎಣಿಕೆಯನ್ನೂ ಮಾಡಬಹುದು. ಊರಿನಲ್ಲಿ ಹಳೆಯ ಹುಣಸೆಮರಗಳು ಎಷ್ಟಿವೆ, ಕಳೆದ ಹತ್ತು ವರ್ಷಗಳಲ್ಲಿ ನೆಟ್ಟದ್ದು ಎಷ್ಟು? ಹುಣಸೆ ಗೂಡು ಹೊರುವಷ್ಟು ದೊಡ್ಡದಾಗಲು ಒಂದು ತಲೆಮಾರೇ ಬೇಕು. ಇಂದು ಗಿಡ ನೆಡುವವನು ತನ್ನ ಮೊಮ್ಮಗನ ಹಿತ್ತಲಿಗೆ ಹಿಕ್ಕೆ ಬೀಳಲೆಂದು ನೆಡಬೇಕು. ಮರಳುವಾಗ ಸಮಯ ಸಿಕ್ಕರೆ ತೈಲೂರು ಕೆರೆಯ ಏರಿಯ ಮೇಲೆ ಒಂದು ಹತ್ತು ನಿಮಿಷ ನಿಲ್ಲಬಹುದು. ಅಲ್ಲಿ ಫೋಟೋ ತೆಗೆಯುವಂಥದು ಏನೂ ಸಿಗದಿರಬಹುದು.

ಜೂನ್ ಹೊತ್ತಿಗೆ ಊರಿನ ಮರಗಳು ಖಾಲಿಯಾಗುತ್ತವೆ. ಒಂದೆರಡು ಮಳೆ ಬಿದ್ದು ಎಲೆಗಳ ಸುಣ್ಣ ತೊಳೆದುಹೋಗುತ್ತದೆ. ಮರದ ಬುಡದ ಗುಂಡಿಯ ಗೊಬ್ಬರವನ್ನು ಗಾಡಿಗೆ ತುಂಬಿ ಗದ್ದೆಗೆ ಸಾಗಿಸುತ್ತಾರೆ. ಗೂಡಿನ ಒಣಕಡ್ಡಿಗಳು ಗಾಳಿಗೆ ಒಂದೊಂದಾಗಿ ಅಂಗಳಕ್ಕೆ ಉದುರುತ್ತವೆ, ಯಾರೋ ಆಯ್ದು ಒಲೆಗೆ ಇಡುತ್ತಾರೆ. ಅದೇ ದಿನಗಳಲ್ಲಿ ಹುಣಸೆ, ಕೆಂಪು ಗೆರೆಯ ಹಳದಿ ಹೂ ಬಿಡತೊಡಗುತ್ತದೆ. ಆ ಹೂ ಕಾಯಾಗಿ, ಕಾಯಿ ಹಣ್ಣಾಗುವ ಹೊತ್ತಿಗೆ ಹೆಜ್ಜಾರ್ಲೆಗಳು ಮತ್ತೆ ಅದೇ ಕೊಂಬೆಯ ಮೇಲಿರುತ್ತವೆ.